ಸಂವಿಧಾನ ರಚನೆಯಲ್ಲಿ ಸೇನೆಗೆ ಪಾಲು ಕೊಟ್ಟರೆ ಅದನ್ನು ಹಿಂಪಡೆಯುವುದು ಹೇಗೆ?

ಪ್ರಶ್ನೆ: ಕರಡುಪ್ರತಿ

ಎಲ್ಲರಿಗೂ ನಮಸ್ಕಾರ. ಸರ್ವಾಧಿಕಾರ ಕುಸಿದು ಹೊಸ ಸಂವಿಧಾನ ಇನ್ನೂ ಜಾರಿಗೆ ಬಾರದ ನಡುಗಾಲದಲ್ಲಿ ಸೇನೆಯ ಸ್ಥಾನ ಏನಾಗಿರಬೇಕು ಎಂಬ ವಿಷಯವನ್ನು ಕೆಲವು ತಿಂಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಗೊಂದಲ ಹೆಚ್ಚಾಗುತ್ತಿದೆಯೇ ಹೊರತು ತಿಳಿಯಾಗುತ್ತಿಲ್ಲ.

ಈಜಿಪ್ಟನ್ನೇ ನೋಡಿ. 2011ರ ಫೆಬ್ರುವರಿ 11ರಂದು ಹೊಸ್ನಿ ಮುಬಾರಕ್ ಅಧಿಕಾರದಿಂದ ಇಳಿದಾಗ ಆಡಳಿತ ಸಂಸತ್ತಿನ ಕೈಗೂ ಹೋಗಲಿಲ್ಲ, ನ್ಯಾಯಾಲಯದ ಕೈಗೂ ಹೋಗಲಿಲ್ಲ. ಫೀಲ್ಡ್ ಮಾರ್ಷಲ್ ತಂತಾವಿ ನೇತೃತ್ವದ ಸಶಸ್ತ್ರ ಪಡೆಗಳ ಪರಮೋಚ್ಚ ಮಂಡಳಿಯ ಕೈಗೆ ಹೋಯಿತು. ಎರಡೇ ದಿನಗಳಲ್ಲಿ ಆ ಮಂಡಳಿ 1971ರ ಸಂವಿಧಾನವನ್ನು ಅಮಾನತಿನಲ್ಲಿಟ್ಟು ಸಂಸತ್ತನ್ನು ವಿಸರ್ಜಿಸಿತು. ತಹ್ರೀರ್ ಚೌಕದಲ್ಲಿ ಸೇರಿದ್ದ ಜನರು ಅದಕ್ಕೆ ಬೇಸರಪಟ್ಟುಕೊಂಡಂತೆಯೂ ಕಾಣುವುದಿಲ್ಲ. "ಸೇನೆಯೂ ಜನರೂ ಒಂದೇ ಕೈ" ಎಂಬ ಘೋಷಣೆ ಅದೇ ದಿನಗಳದ್ದು.

ನನ್ನ ಪ್ರಶ್ನೆ ಇಷ್ಟೇ. ಬಂದೂಕು ಹಿಡಿದವರನ್ನು ಪೂರ್ತಿಯಾಗಿ ಹೊರಗಿಟ್ಟು ಸಂವಿಧಾನ ಬರೆಯುವುದು ಪ್ರಾಯೋಗಿಕವಾಗಿ ಸಾಧ್ಯವೇ? ಹೊರಗಿಟ್ಟರೆ ಒಂದು ದಿನ ಬಾಗಿಲು ಮುರಿದುಕೊಂಡು ಬರುತ್ತಾರೆ, ಒಳಗೆ ಕರೆದರೆ ಎದ್ದು ಹೋಗುವುದಿಲ್ಲ. ಬಾಯಲ್ಲಿಟ್ಟುಕೊಂಡ ಬಿಸಿತುಪ್ಪದಂತೆ ನುಂಗುವುದೂ ಕಷ್ಟ, ಉಗುಳುವುದೂ ಕಷ್ಟ. ಹಾಗಾದರೆ ಸೇನೆಗೆ ಸೀಮಿತವಾದ, ಬರೆದಿಟ್ಟ ಪಾತ್ರವೊಂದನ್ನು ಸಂವಿಧಾನದಲ್ಲಿಯೇ ಕೊಟ್ಟುಬಿಡುವುದು ಜಾಣತನವಲ್ಲವೇ? ತಿಳಿದವರು ದಯವಿಟ್ಟು ಉದಾಹರಣೆಗಳೊಂದಿಗೆ ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ವಿಧಿವಿಧಾನ

ಕರಡುಪ್ರತಿಯವರೇ, ನೀವು ಈಜಿಪ್ಟಿನಿಂದಲೇ ಶುರುಮಾಡಿದ್ದರಿಂದ ನಾನೂ ಅಲ್ಲಿಂದಲೇ ಹೊರಡುತ್ತೇನೆ. ಸೇನೆ ಒಳಗಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆಗಿಂತ, ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂದು ನಿಶ್ಚಯಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿ ಹೆಚ್ಚು ದುಬಾರಿಯಾಯಿತು. ಸೇನೆ ಸಂವಿಧಾನದ ಒಂದು ಸಾಲನ್ನೂ ಬರೆಯುವ ಮೊದಲೇ ಗೆದ್ದದ್ದು ಸರದಿಯನ್ನು ತೀರ್ಮಾನಿಸುವುದರಲ್ಲಿ.

2011ರ ಮಾರ್ಚ್ 19ರಂದು ಹಳೆಯ ಸಂವಿಧಾನದ ಬೆರಳೆಣಿಕೆಯಷ್ಟು ವಿಧಿಗಳ ತಿದ್ದುಪಡಿಯ ಮೇಲೆ ಜನಮತಗಣನೆ ನಡೆದು, ಮತ ಹಾಕಿದವರಲ್ಲಿ ಶೇ 77ರಷ್ಟು ಜನ ಒಪ್ಪಿಗೆ ಕೊಟ್ಟರು. ತಿದ್ದುಪಡಿಯಾದ ಹಳೆಯ ಸಂವಿಧಾನವೇ ಮರಳಿ ಬರುತ್ತದೆ ಎಂದು ಅನೇಕರು ಭಾವಿಸಿದ್ದರೆ ಅದರಲ್ಲಿ ತಪ್ಪಿರಲಿಲ್ಲ. ಆದರೆ ಹನ್ನೊಂದು ದಿನಗಳ ನಂತರ ಮಂಡಳಿ ಹೊರಡಿಸಿದ್ದು 60ಕ್ಕೂ ಹೆಚ್ಚು ವಿಧಿಗಳ ಸಾಂವಿಧಾನಿಕ ಘೋಷಣೆಯನ್ನು. ಅದರ ಬಹುಪಾಲು ವಿಧಿಗಳಿಗೆ ಯಾರೂ ಮತ ಹಾಕಿರಲಿಲ್ಲ. ಮೊದಲು ಸಂಸತ್ತಿನ ಚುನಾವಣೆ, ಗೆದ್ದ ಸದಸ್ಯರಿಂದ 100 ಮಂದಿಯ ಸಂವಿಧಾನ ರಚನಾ ಸಭೆಯ ಆಯ್ಕೆ, ಆಮೇಲೆ ಕರಡು ಎಂಬ ಸರದಿಯನ್ನು ಆ ಘೋಷಣೆ ಗಟ್ಟಿಮಾಡಿತು. ಅಂದರೆ ಚುನಾವಣೆ ಗೆದ್ದವರು ಸಂವಿಧಾನವನ್ನೂ ಗೆದ್ದಂತೆ. ಇಸ್ಲಾಂವಾದಿ ಸಂಘಟನೆಯಾದ ಮುಸ್ಲಿಂ ಬ್ರದರ್‌ಹುಡ್ ಗೆಲ್ಲುತ್ತದೆಂದು ಹೆದರಿದ ಜಾತ್ಯತೀತ ಪಕ್ಷಗಳು ಸೇನೆಯಿಂದ ಭರವಸೆ ಬಯಸಿದವು. ಚುನಾವಣೆ ಮುಂದೂಡಿದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದೆಂದು ಹೆದರಿದ ಬ್ರದರ್‌ಹುಡ್ ಸೇನೆಯೊಂದಿಗೆ ಜಗಳ ಬೇಡವೆಂದುಕೊಂಡಿತು. ಇಬ್ಬರೂ ಒಬ್ಬರಿಗೊಬ್ಬರು ಹೆದರಿದಷ್ಟು ಸೇನೆಗೆ ಹೆದರಲಿಲ್ಲ. ಈ ಪ್ರಸಂಗದ ಗಂಟು ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ.

ಮುಂದಿನದನ್ನು ನೋಡಿ. 2011ರ ನವೆಂಬರಿನಲ್ಲಿ ಉಪಪ್ರಧಾನಿ ಅಲಿ ಅಲ್-ಸೆಲ್ಮಿ ಅವರ ಹೆಸರಿನಲ್ಲಿ ಬಂದ ದಾಖಲೆಯೊಂದು, ಸೇನೆಯ ವ್ಯವಹಾರ ಮತ್ತು ಬಜೆಟ್ಟಿನ ಬಗ್ಗೆ ತೀರ್ಮಾನಿಸುವ ಅಧಿಕಾರ ಪರಮೋಚ್ಚ ಮಂಡಳಿಗೆ ಮಾತ್ರ ಇರಬೇಕೆಂದು ಸೂಚಿಸಿತು. ಪ್ರತಿಭಟನೆ ಭುಗಿಲೆದ್ದಿತು, ಮೊಹಮ್ಮದ್ ಮಹಮೂದ್ ಬೀದಿಯಲ್ಲಿ ದಿನಗಟ್ಟಲೆ ಘರ್ಷಣೆ ನಡೆದು ಹಲವರು ಸತ್ತರು, ದಾಖಲೆ ಮೂಲೆಗೆ ಬಿತ್ತು. 2012ರ ಜೂನ್ 17ರಂದು, ಅಧ್ಯಕ್ಷೀಯ ಚುನಾವಣೆಯ ಎರಡನೆಯ ಸುತ್ತಿನ ಮತದಾನ ಮುಗಿಯುತ್ತಿದ್ದ ಆ ರಾತ್ರಿಯೇ, ಮಂಡಳಿ ಪೂರಕ ಘೋಷಣೆಯೊಂದನ್ನು ಹೊರಡಿಸಿತು. ಶಾಸನ ರಚಿಸುವ ಅಧಿಕಾರ ತನಗೆ. ರಚನಾ ಸಭೆಗೆ ಅಡ್ಡಿ ಬಂದರೆ ಹೊಸ ಸಭೆ ನೇಮಿಸುವ ಅಧಿಕಾರವೂ ತನಗೆ. ಕರಡಿನ ವಿಧಿಗಳಿಗೆ ಆಕ್ಷೇಪ ಎತ್ತುವ ಅಧಿಕಾರವೂ ತನ್ನ ಮುಖ್ಯಸ್ಥರಿಗೆ. ಗೆಲ್ಲುವವರು ಯಾರೆಂದು ಅಧಿಕೃತವಾಗಿ ತಿಳಿಯುವ ಮೊದಲೇ ಹೊಸ ಅಧ್ಯಕ್ಷರ ಕೈಗಳನ್ನು ಅಳತೆಮಾಡಿ ಕಟ್ಟಲಾಗಿತ್ತು.

ಗೆದ್ದ ಬ್ರದರ್‌ಹುಡ್ ಅಭ್ಯರ್ಥಿ ಮೊಹಮ್ಮದ್ ಮೊರ್ಸಿ ಆಗಸ್ಟ್ 12ರಂದು ತಂತಾವಿ ಅವರನ್ನು ನಿವೃತ್ತಿಗೊಳಿಸಿ, ಆ ಘೋಷಣೆಯನ್ನು ರದ್ದುಮಾಡಿದರು. ನಾಗರಿಕ ಆಡಳಿತ ಗೆದ್ದಿತು ಎಂದು ಆಗ ಎಲ್ಲೆಡೆ ಬರೆದರು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಬ್ರದರ್‌ಹುಡ್ ಬೆಂಬಲಿಗರೇ ತುಂಬಿದ್ದ ಸಭೆ ಬರೆದ ಸಂವಿಧಾನದ 195ನೆಯ ವಿಧಿಯ ಪ್ರಕಾರ ರಕ್ಷಣಾ ಸಚಿವರು ಸೇನಾಧಿಕಾರಿಯೇ ಆಗಿರಬೇಕು; 198ನೆಯ ವಿಧಿಯ ಪ್ರಕಾರ ಸೇನೆಗೆ ಹಾನಿಯಾಗುವಂಥ ಅಪರಾಧಗಳಿಗೆ ನಾಗರಿಕರನ್ನು ಸೇನಾ ನ್ಯಾಯಾಲಯದಲ್ಲಿ ವಿಚಾರಣೆಗೆ ಒಳಪಡಿಸಬಹುದು. ಬೀದಿಯಲ್ಲಿ ಪ್ರಾಣ ಕೊಟ್ಟು ಎದುರಿಸಿದ್ದರಲ್ಲಿ ಬಹಳಷ್ಟನ್ನು ಸಭಾಂಗಣದಲ್ಲಿ ಕೂತವರು ಹಾಗೆಯೇ ಒಪ್ಪಿಕೊಂಡರು. 2013ರ ಜುಲೈ 3ರಂದು ಸೇನೆ ಮೊರ್ಸಿ ಅವರನ್ನು ಪದಚ್ಯುತಗೊಳಿಸಿದ ಮೇಲೆ, ಅಮ್ರ್ ಮೂಸಾ ಅಧ್ಯಕ್ಷತೆಯ 50 ಮಂದಿಯ ಸಮಿತಿ ಬರೆದ 2014ರ ಸಂವಿಧಾನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರಕ್ಷಣಾ ಸಚಿವರ ನೇಮಕಕ್ಕೆ ಪರಮೋಚ್ಚ ಮಂಡಳಿಯ ಒಪ್ಪಿಗೆ ಬೇಕೆಂದು 234ನೆಯ ವಿಧಿಯಲ್ಲಿ ಬರೆಯಿತು. ಹಾವು ಮುಂಗುಸಿಯಂತಿದ್ದ ಎರಡು ಬಣಗಳು ಬರೆದ ಎರಡು ಸಂವಿಧಾನಗಳಲ್ಲಿ ಸೇನೆಯ ಕುರಿತ ಪುಟ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ನೀವು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಕಾಣುತ್ತೀರಿ.

ಉತ್ತರ 2: ಹಳೆಯ ಓದುಗ

ವಿಧಿವಿಧಾನ ಅವರು ಹೇಳಿದ್ದು ಸರಿಯೇ. ಆದರೆ ಈಜಿಪ್ಟನ್ನು ಮಾತ್ರ ನೋಡಿದರೆ ಸೇನೆಯ ಕೈಯಿಂದ ಪ್ರಜಾಪ್ರಭುತ್ವ ಬರುವುದೇ ಇಲ್ಲವೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಪೋರ್ಚುಗಲ್ಲಿನ ಕಥೆ ಬೇರೆ.

1974ರ ಏಪ್ರಿಲ್ 25ರಂದು ಅಲ್ಲಿನ ದೀರ್ಘ ಸರ್ವಾಧಿಕಾರವನ್ನು ಉರುಳಿಸಿದವರು ಸೈನಿಕರೇ. ಆದರೆ ಮುಂದೆ ನಿಂತವರು ದಳಪತಿಗಳಲ್ಲ, ಕ್ಯಾಪ್ಟನ್ ದರ್ಜೆಯ ಅಧಿಕಾರಿಗಳು. ಅಂಗೋಲ, ಗಿನಿ, ಮೊಜಾಂಬಿಕ್‌ಗಳಲ್ಲಿ ಹದಿಮೂರು ವರ್ಷ ಗೆಲ್ಲಲಾಗದ ವಸಾಹತು ಯುದ್ಧ ಮಾಡಿ ಬೇಸತ್ತವರು. ಸಶಸ್ತ್ರ ಪಡೆಗಳ ಚಳವಳಿ ಎಂದು ಕರೆದುಕೊಂಡ ಅವರು ಒಂದು ವರ್ಷದೊಳಗೆ ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆಸುವುದಾಗಿ ಮಾತು ಕೊಟ್ಟರು. 1975ರ ಏಪ್ರಿಲ್ 25ರಂದು ನಡೆಸಿಯೂ ಬಿಟ್ಟರು. ಮತದಾನ ಶೇ 91ನ್ನು ದಾಟಿತು. ಸ್ವಾರಸ್ಯವೆಂದರೆ, ಚಳವಳಿಯ ಒಳಗಿನವರು ಕೆಲವರು ಯಾವ ಪಕ್ಷವೂ ಬೇಡವೆನ್ನುವವರು ಖಾಲಿ ಮತಪತ್ರ ಹಾಕಿ ಎಂದು ಪ್ರೋತ್ಸಾಹಿಸಿದ್ದರು. ಖಾಲಿ ಮತ್ತು ತಿರಸ್ಕೃತ ಮತಗಳು ಸೇರಿ ಶೇ 7ರಷ್ಟು ಬಂದವು. ಜನರು ಸೈನಿಕರಿಗೆ ಹೂವು ಕೊಟ್ಟರು, ಮತವನ್ನು ಪಕ್ಷಗಳಿಗೆ ಕೊಟ್ಟರು.

ಇಷ್ಟಾದರೂ ಸೇನೆ ತನ್ನ ಪಾಲನ್ನು ಬಿಟ್ಟುಕೊಡಲಿಲ್ಲ. ಚುನಾವಣೆಗೆ ಎರಡು ವಾರ ಮೊದಲು ಪಕ್ಷಗಳಿಂದ ಒಪ್ಪಂದವೊಂದಕ್ಕೆ ಸಹಿ ಹಾಕಿಸಿಕೊಂಡಿತ್ತು. 1975ರ ನವೆಂಬರ್ 25ರಂದು ತೀವ್ರ ಎಡಪಂಥೀಯ ಪಡೆಗಳ ಬಂಡಾಯ ವಿಫಲವಾಗಿ ಸೇನೆಯೊಳಗಿನ ಬಲಾಬಲ ಬದಲಾದ ನಂತರ, 1976ರ ಫೆಬ್ರುವರಿಯಲ್ಲಿ ಎರಡನೆಯ, ಸಡಿಲವಾದ ಒಪ್ಪಂದವಾಯಿತು. ಅದರಂತೆ 1976ರ ಸಂವಿಧಾನದಲ್ಲಿ ಸೇನಾಧಿಕಾರಿಗಳ ಕ್ರಾಂತಿ ಮಂಡಳಿಗೆ ಸ್ಥಾನ ಸಿಕ್ಕಿತು. ಕಾನೂನುಗಳು ಸಂವಿಧಾನಬದ್ಧವೇ ಎಂದು ತೀರ್ಮಾನಿಸುವ ಅಧಿಕಾರವೂ ಆ ಮಂಡಳಿಗೇ ಇತ್ತು. ಸೈನಿಕರು ನ್ಯಾಯಾಧೀಶರ ಪೀಠದಲ್ಲಿ ಕುಳಿತ ಹಾಗೆ. ಆದರೆ ಅದು ಪರಿವರ್ತನೆಯ ಕಾಲಕ್ಕಷ್ಟೇ ಎಂಬ ತಿಳಿವಳಿಕೆ ಮೊದಲಿನಿಂದಲೂ ಇತ್ತು. 1982ರ ತಿದ್ದುಪಡಿಯಲ್ಲಿ ಸಂಸತ್ತು ಆ ಮಂಡಳಿಯನ್ನು ಕಿತ್ತುಹಾಕಿ ಸಾಂವಿಧಾನಿಕ ನ್ಯಾಯಾಲಯವನ್ನು ಸ್ಥಾಪಿಸಿತು, ಸೇನೆ ಬ್ಯಾರಕ್ಕಿಗೆ ಮರಳಿತು.

ಆದ್ದರಿಂದ ಕರಡುಪ್ರತಿಯವರ ಮೂಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಸೇನೆಗೆ ಪಾತ್ರ ಕೊಡಬಹುದು, ಆದರೆ ಅದರ ಪಕ್ಕದಲ್ಲಿ ಅವಧಿಯನ್ನೂ ಬರೆದಿರಬೇಕು.

ಉತ್ತರ 3: ಕಪ್ಪುಹಲಗೆ

ಅವಧಿಯನ್ನು ಬರೆಯುವುದರ ಜೊತೆಗೆ ತಿದ್ದುಪಡಿಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದನ್ನೂ ನೋಡಬೇಕು. ಮ್ಯಾನ್ಮಾರಿನ 2008ರ ಸಂವಿಧಾನವನ್ನು ಪಾಠ ಮಾಡುವಾಗ ನಾನು ವಿವರಣೆಗೆ ಮೊದಲು ಹಲಗೆಯ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. ಕೆಳಮನೆಯಲ್ಲಿ 440 ಸ್ಥಾನ, ಅದರಲ್ಲಿ ಸೇನಾ ಮುಖ್ಯಸ್ಥರು ನೇಮಿಸುವವರು 110. ಮೇಲ್ಮನೆಯಲ್ಲಿ 224, ನೇಮಕಗೊಂಡವರು 56. ಒಟ್ಟು 664ರಲ್ಲಿ ಸಮವಸ್ತ್ರದವರು 166, ಚುನಾಯಿತರು 498. ಮುಖ್ಯ ವಿಧಿಗಳ ತಿದ್ದುಪಡಿಗೆ ಬೇಕಾದದ್ದು ಶೇ 75ಕ್ಕಿಂತ ಹೆಚ್ಚು ಮತ. 664ರ ಮುಕ್ಕಾಲು ಭಾಗ ಎಂದರೆ ಸರಿಯಾಗಿ 498. "ಹೆಚ್ಚು" ಎಂದಿರುವುದರಿಂದ 499 ಬೇಕು. ದೇಶದ ಒಂದೊಂದು ಚುನಾಯಿತ ಸ್ಥಾನವೂ ಒಂದೇ ಪಕ್ಷದ ಪಾಲಾದರೂ ಒಂದು ಮತ ಕಡಿಮೆ. ಆ ಒಂದು ಮತ ಬರಬೇಕಾದದ್ದು ಸೈನಿಕನಿಂದ. ಲೆಕ್ಕ ಬಿಡಿಸಿದ ಮೇಲೆ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡುವುದಿಲ್ಲ.

ಈ ಕರಡನ್ನು ರೂಪಿಸಿದ ಬಗೆಯೂ ಗಮನಾರ್ಹ. 1990ರ ಚುನಾವಣೆಯ ಫಲಿತಾಂಶವನ್ನು ಸೇನೆ ಮಾನ್ಯಮಾಡಲಿಲ್ಲ. ಬದಲಿಗೆ 1993ರಲ್ಲಿ ರಾಷ್ಟ್ರೀಯ ಸಮ್ಮೇಳನ ಕರೆದು, ನಡುವೆ ಎಂಟು ವರ್ಷ ನಿಲ್ಲಿಸಿ, 2007ರವರೆಗೆ ಎಳೆಯಿತು. ಸಮ್ಮೇಳನದ ಗುರಿಗಳಲ್ಲೊಂದು ರಾಜ್ಯದ ರಾಜಕೀಯ ನಾಯಕತ್ವದಲ್ಲಿ ಸೇನೆಯ ಭಾಗವಹಿಸುವಿಕೆ ಎಂದು ಮೊದಲೇ ನಿಗದಿಯಾಗಿತ್ತು. 2008ರ ಮೇ ಆರಂಭದಲ್ಲಿ ನರ್ಗಿಸ್ ಚಂಡಮಾರುತ ಇರಾವತಿ ನದೀಮುಖಜ ಭೂಮಿಯನ್ನು ಹಾಳುಗೆಡವಿ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡ ಒಂದೇ ವಾರದಲ್ಲಿ, ಮೇ 10ರಂದು, ದೇಶದ ಉಳಿದ ಭಾಗದಲ್ಲಿ ಜನಮತಗಣನೆ ನಡೆಯಿತು; ಪೀಡಿತ ಪ್ರದೇಶಗಳಿಗೆ ದೊರೆತದ್ದು ಹದಿನಾಲ್ಕು ದಿನಗಳ ರಿಯಾಯಿತಿ. ಅಧಿಕೃತವಾಗಿ ಪ್ರಕಟವಾದ ಒಪ್ಪಿಗೆ ಶೇ 92ಕ್ಕೂ ಹೆಚ್ಚು.

ರಕ್ಷಣೆ, ಗೃಹ, ಗಡಿ ವ್ಯವಹಾರಗಳ ಸಚಿವರನ್ನು ಸೂಚಿಸುವವರು ಸೇನಾ ಮುಖ್ಯಸ್ಥರು. ಅಧ್ಯಕ್ಷ ಮತ್ತು ಉಪಾಧ್ಯಕ್ಷರಾಗುವ ಮೂವರಲ್ಲಿ ಒಬ್ಬರನ್ನು ಆರಿಸುವವರು ನೇಮಕಗೊಂಡ ಸೇನಾ ಸದಸ್ಯರು. ಈ ಕೊನೆಯದು ಔಪಚಾರಿಕ ಹುದ್ದೆಯಂತೆ ಕಾಣುತ್ತಿತ್ತು. 2021ರ ಫೆಬ್ರುವರಿ 1ರಂದು ಅಧ್ಯಕ್ಷ ವಿನ್ ಮಿಂಟ್ ಅವರನ್ನು ಬಂಧಿಸಿದ ಕೂಡಲೇ ಸೇನೆ ಆರಿಸಿದ್ದ ಉಪಾಧ್ಯಕ್ಷ ಮಿಂಟ್ ಸ್ವೇ ಹಂಗಾಮಿ ಅಧ್ಯಕ್ಷರಾಗಿ, ತುರ್ತುಪರಿಸ್ಥಿತಿಯ ವಿಧಿಯನ್ನು ಬಳಸಿ ಅಧಿಕಾರವನ್ನು ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಅವರಿಗೆ ಒಪ್ಪಿಸಿದರು. ಹದಿಮೂರು ವರ್ಷ ಮೊದಲೇ ಮಾಡಿಸಿಟ್ಟುಕೊಂಡಿದ್ದ ಬೀಗದ ಕೈಯಿಂದಲೇ ಬಾಗಿಲು ತೆರೆಯಿತು. ಕರಡುಪ್ರತಿಯವರು ಹೇಳುವ "ಬರೆದಿಟ್ಟ, ಸೀಮಿತ ಪಾತ್ರ" ಇಲ್ಲಿ ಅಕ್ಷರಶಃ ಇತ್ತು ಎಂಬುದನ್ನು ನೆನಪಿಸಲು ಇಷ್ಟೆಲ್ಲ ಬರೆದೆ.

ಉತ್ತರ 4: ಮತಪತ್ರ

ಜನಮತಗಣನೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಹೆಚ್ಚೇನಿಲ್ಲ. ಸೇನೆಯ ನೆರಳಿನಲ್ಲಿ ನಡೆದ ಜನಮತಗಣನೆಗಳ ಶೇಕಡಾವಾರು ಒಪ್ಪಿಗೆಯನ್ನು ಓದುವಾಗ, "ಬೇಡ" ಎಂದು ಹೇಳುವವರಿಗೆ ಬಾಯಿ ಬಿಡಲು ಅವಕಾಶವಿತ್ತೇ ಎಂದು ಮೊದಲು ನೋಡಬೇಕು. 1982ರ ನವೆಂಬರ್ 7ರಂದು ಟರ್ಕಿಯಲ್ಲಿ ಶೇ 91ರಷ್ಟು ಜನ ಹೊಸ ಸಂವಿಧಾನವನ್ನು ಒಪ್ಪಿದರು. ಅದೇ ಮತದಿಂದ ಕ್ಷಿಪ್ರಕ್ರಾಂತಿಯ ನಾಯಕ ಕೆನಾನ್ ಎವ್ರೆನ್ ಅಧ್ಯಕ್ಷರೂ ಆದರು. ತಾತ್ಕಾಲಿಕ ವಿಧಿಗಳನ್ನಾಗಲಿ, ಸಂವಿಧಾನವನ್ನು ಪರಿಚಯಿಸುತ್ತ ಎವ್ರೆನ್ ಮಾಡುತ್ತಿದ್ದ ಭಾಷಣಗಳನ್ನಾಗಲಿ ಟೀಕಿಸುವಂತಿರಲಿಲ್ಲ. "ಹೌದು" ಮತಪತ್ರ ಬಿಳಿ, "ಬೇಡ" ಮತಪತ್ರ ನೀಲಿ, ಲಕೋಟೆ ತೆಳು. ಮಿಕ್ಕದ್ದನ್ನು ನೀವೇ ಊಹಿಸಿಕೊಳ್ಳಿ. ಕ್ಷಿಪ್ರಕ್ರಾಂತಿ ನಡೆಸಿದವರನ್ನು ವಿಚಾರಣೆಯಿಂದ ಕಾಪಾಡಿದ ತಾತ್ಕಾಲಿಕ 15ನೆಯ ವಿಧಿ "ತಾತ್ಕಾಲಿಕ"ವಾಗಿಯೇ 2010ರವರೆಗೆ ಬಾಳಿತು.

ಥಾಯ್ಲೆಂಡಿನಲ್ಲಿ 2016ರ ಆಗಸ್ಟ್ 7ರಂದು ಶೇ 61ರಷ್ಟು ಜನ ಒಪ್ಪಿದರು. ಕರಡಿನ ವಿರುದ್ಧ ಕರಪತ್ರ ಹಂಚಿದವರನ್ನು ಬಂಧಿಸಿದ ಪ್ರಕರಣಗಳೂ ನಡೆದವು. ಅಂದು ಜೊತೆಗೇ ಕೇಳಿದ ಇನ್ನೊಂದು ಪ್ರಶ್ನೆಯ ಮೂಲಕ, ಸೇನಾಡಳಿತ ನೇಮಿಸುವ 250 ಮಂದಿಯ ಸೆನೆಟ್ಟಿಗೆ ಐದು ವರ್ಷಗಳ ಕಾಲ ಪ್ರಧಾನಿಯ ಆಯ್ಕೆಯಲ್ಲಿ ಮತಾಧಿಕಾರ ಸಿಕ್ಕಿತು. 2023ರ ಚುನಾವಣೆಯಲ್ಲಿ ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷದ ಪಿಟಾ ಲಿಮ್ಜರೋನ್‌ರಾಟ್ ಪ್ರಧಾನಿ ಹುದ್ದೆಗೆ ನಿಂತಾಗ ಅವರ ಪರ ಮತ ಹಾಕಿದ ಸೆನೆಟರುಗಳು 13 ಮಂದಿ.

ಕರಡುಪ್ರತಿ

ಎಲ್ಲರಿಗೂ ಕೃತಜ್ಞತೆಗಳು. ಮ್ಯಾನ್ಮಾರಿನ ಲೆಕ್ಕವನ್ನು ನಾನೂ ಕಾಗದದ ಮೇಲೆ ಮಾಡಿ ನೋಡಿದೆ. 498 ಎಂಬ ಸಂಖ್ಯೆ ಎರಡು ಕಡೆಯೂ ಬಂದಾಗ ಅದು ಕಾಕತಾಳೀಯವಲ್ಲವೆಂದು ಮನವರಿಕೆಯಾಯಿತು. ಸೀಮಿತ ಪಾತ್ರವನ್ನು ಬರೆದಿಟ್ಟರೆ ಸಾಕು ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಆದರೆ ಹಳೆಯ ಓದುಗರ "ಅವಧಿ" ಎಂಬ ಉತ್ತರವೂ ನನಗೆ ಸಮಾಧಾನ ಕೊಡುತ್ತಿಲ್ಲ. ಈಜಿಪ್ಟಿನ 234ನೆಯ ವಿಧಿಯಲ್ಲಿಯೂ ಅವಧಿ ಇತ್ತಲ್ಲವೇ? ಎರಡು ಅಧ್ಯಕ್ಷೀಯ ಅವಧಿಗಳಿಗೆ ಮಾತ್ರ ಎಂದು ಸ್ಪಷ್ಟವಾಗಿ ಬರೆದಿದ್ದರು. 2019ರ ಏಪ್ರಿಲ್ ತಿದ್ದುಪಡಿಯಲ್ಲಿ ಆ ಮಿತಿಯನ್ನು ತೆಗೆದು ಅದನ್ನು ಕಾಯಂ ಮಾಡಿದರು. ಸಾಲದ್ದಕ್ಕೆ ಸಂವಿಧಾನವನ್ನೂ ಪ್ರಜಾಪ್ರಭುತ್ವವನ್ನೂ ಕಾಪಾಡುವ ಹೊಣೆ ಸೇನೆಯದ್ದೆಂದು 200ನೆಯ ವಿಧಿಗೆ ಸೇರಿಸಿದರು. ಸುಡಾನಿನಲ್ಲಿಯೂ ಅವಧಿ ಇತ್ತು. 2019ರ ಆಗಸ್ಟ್ ಘೋಷಣೆಯಂತೆ ಹನ್ನೊಂದು ಮಂದಿಯ ಸಾರ್ವಭೌಮ ಮಂಡಳಿಗೆ ಮೊದಲ 21 ತಿಂಗಳು ಸೇನೆಯ ಅಧ್ಯಕ್ಷತೆ, ಮುಂದಿನ 18 ತಿಂಗಳು ನಾಗರಿಕರದ್ದು. ಆ ಸರದಿ ಬರುವ ಮೊದಲೇ, 2021ರ ಅಕ್ಟೋಬರ್ 25ರಂದು, ಸೇನೆ ಎಲ್ಲವನ್ನೂ ಕಿತ್ತುಕೊಂಡಿತು. ಹಾಗಾದರೆ ಪೋರ್ಚುಗಲ್ಲಿನಲ್ಲಿ ಅವಧಿ ಮುಗಿದಾಗ ಸೇನೆ ಎದ್ದುಹೋದದ್ದು ಅದೃಷ್ಟವೇ?

ಉತ್ತರ 5: ಹಳೆಯ ಓದುಗ

ನಿಮ್ಮ ಆಕ್ಷೇಪ ನ್ಯಾಯವಾದದ್ದು. ನಾನು ಅರ್ಧವನ್ನಷ್ಟೇ ಹೇಳಿದ್ದೆ. ಪೋರ್ಚುಗಲ್ಲಿನಲ್ಲಿ 1982ರ ಹೊತ್ತಿಗೆ ಸಮಾಜವಾದಿಗಳೂ ಬಲಪಂಥದ ಪಕ್ಷಗಳೂ ಒಟ್ಟಾಗಿ ಮೂರನೆಯ ಎರಡರಷ್ಟು ಮತ ಕೂಡಿಸಿದವು. ಬೇರೆಲ್ಲದರಲ್ಲೂ ಕಿತ್ತಾಡುತ್ತಿದ್ದವರು ಈ ಒಂದು ವಿಷಯದಲ್ಲಿ ಸೇನೆಯ ಬಳಿ ದೂರು ಒಯ್ಯಲಿಲ್ಲ. ಈಜಿಪ್ಟಿನ ಕುರಿತು ವಿಧಿವಿಧಾನ ಅವರು ಹೇಳಿದ್ದರ ಇನ್ನೊಂದು ಮುಖ ಇದು. ಸುಡಾನಿನಲ್ಲಿ ತೊಡಕು ಇನ್ನೂ ಮೂಲದಲ್ಲಿತ್ತು: ಅಲ್ಲಿ ಇದ್ದದ್ದು ಒಂದು ಸೇನೆಯಲ್ಲ. ಕ್ಷಿಪ್ರ ಬೆಂಬಲ ಪಡೆ ಎಂಬ ಇನ್ನೊಂದು ಸಶಸ್ತ್ರ ಪಡೆಯನ್ನು ಘೋಷಣೆ ಕಾಗದದ ಮೇಲೆ ಮಹಾದಂಡನಾಯಕರ ಅಧೀನಕ್ಕೆ ತಂದಿತಷ್ಟೆ. 2023ರ ಏಪ್ರಿಲ್ 15ರಂದು ಆ ಎರಡು ಪಡೆಗಳ ನಡುವೆಯೇ ಯುದ್ಧ ಹತ್ತಿಕೊಂಡಿತು. ಯಾರು ಬಿಟ್ಟುಹೋಗಬೇಕು ಎಂಬುದೇ ಇತ್ಯರ್ಥವಾಗದ ಕಡೆ ಯಾವಾಗ ಎಂಬುದನ್ನು ಬರೆದು ಪ್ರಯೋಜನವಿಲ್ಲ.

ಉತ್ತರ 6: ವಿಧಿವಿಧಾನ

ಅವಧಿಯನ್ನು ಕಾಯುವವರು ಯಾರು ಎಂಬುದಕ್ಕೆ ಚಿಲಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. 1980ರ ಸಂವಿಧಾನ ಸೇನಾ ಸರ್ವಾಧಿಕಾರಿ ಪಿನೊಚೆ ಆಡಳಿತದ ಸ್ವಂತ ಸೃಷ್ಟಿ. ಅದರ ಜನಮತಗಣನೆ ಮತದಾರರ ಪಟ್ಟಿಯೇ ಇಲ್ಲದೆ ನಡೆಯಿತು. ಆದರೆ ಅದರ ತಾತ್ಕಾಲಿಕ ವಿಧಿಗಳಲ್ಲಿ, ಎಂಟು ವರ್ಷಗಳ ನಂತರ ಮುಂದಿನ ಅಧ್ಯಕ್ಷರಾಗಿ ಒಬ್ಬರೇ ಅಭ್ಯರ್ಥಿಯನ್ನು ಜನರ ಮುಂದಿಟ್ಟು ಹೌದು ಅಥವಾ ಬೇಡ ಎಂದು ಕೇಳಬೇಕೆಂದಿತ್ತು. 1985ರಲ್ಲಿ ಅದೇ ಸಂವಿಧಾನ ಸೃಷ್ಟಿಸಿದ ಸಾಂವಿಧಾನಿಕ ನ್ಯಾಯಾಲಯವು, ಆ ಜನಮತಗಣನೆಯನ್ನು ಚುನಾವಣಾ ನ್ಯಾಯಮಂಡಳಿಯ ಮೇಲ್ವಿಚಾರಣೆಯಲ್ಲಿಯೇ ನಡೆಸಬೇಕೆಂದು ತೀರ್ಪಿತ್ತಿತು. ಇದರಿಂದ ಪಟ್ಟಿ ಸಿದ್ಧವಾಯಿತು, ಎಣಿಕೆಗೆ ವಿರೋಧ ಪಕ್ಷಗಳ ಪ್ರತಿನಿಧಿಗಳು ಬಂದರು. 1988ರ ಅಕ್ಟೋಬರ್ 5ರಂದು "ಬೇಡ" ಗೆದ್ದಿತು. ಸರ್ಕಾರ ಫಲಿತಾಂಶವನ್ನು ಹೊರಗೆಡಹಲು ತಡಮಾಡುತ್ತಿದ್ದಾಗ, ನಡುರಾತ್ರಿ ಕಳೆದ ಮೇಲೆ ಅಧ್ಯಕ್ಷರ ಅರಮನೆಗೆ ಬಂದ ವಾಯುಸೇನಾ ಮುಖ್ಯಸ್ಥ ಫೆರ್ನಾಂಡೊ ಮಥೈ, ಒಳಗೆ ಹೋಗುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಪತ್ರಕರ್ತರಿಗೆ "ಬೇಡ" ಗೆದ್ದಿರುವುದು ತಮಗೆ ಸ್ಪಷ್ಟವಾಗಿದೆ ಎಂದುಬಿಟ್ಟರು. ಸೇನಾಡಳಿತದ ಒಳಗಿನವರೊಬ್ಬರು ಹೀಗೆ ಹೇಳಿದ ಮೇಲೆ ಲೆಕ್ಕ ತಿರುಚುವುದು ಸುಲಭವಿರಲಿಲ್ಲ.

ಅಷ್ಟರಿಂದಲೇ ಸೇನೆ ಹಿಂದೆ ಸರಿಯಿತೆಂದು ತಿಳಿಯಬೇಡಿ. ಪಿನೊಚೆ 1998ರವರೆಗೆ ಭೂಸೇನೆಯ ಮುಖ್ಯಸ್ಥರಾಗಿಯೇ ಉಳಿದು, ಆಮೇಲೆ ಆಜೀವ ಸೆನೆಟರರೂ ಆದರು. ನೇಮಕಗೊಂಡ ಸೆನೆಟರುಗಳ ಸ್ಥಾನ ರದ್ದಾಗಿ, ಸೇನಾ ಮುಖ್ಯಸ್ಥರನ್ನು ತೆಗೆದುಹಾಕುವ ಅಧಿಕಾರ ಅಧ್ಯಕ್ಷರಿಗೆ ಮರಳಿದ್ದು 2005ರಲ್ಲಿ. ಇಂಡೊನೇಷ್ಯಾದಲ್ಲಿಯೂ ಇದೇ ನಿಧಾನ: 1998ರಲ್ಲಿ ಸರ್ವಾಧಿಕಾರಿ ಸುಹಾರ್ತೊ ಇಳಿದ ಮೇಲೆ ಸಂಸತ್ತಿನಲ್ಲಿ ಸೇನೆಯ ಮೀಸಲು ಸ್ಥಾನಗಳು 75ರಿಂದ 38ಕ್ಕೆ ಇಳಿದು, ನಾಲ್ಕು ಕಂತುಗಳ ಸಂವಿಧಾನ ತಿದ್ದುಪಡಿಯ ನಂತರ 2004ರಲ್ಲಿ ಇಲ್ಲವಾದವು, ಆದರೂ 2025ರ ಮಾರ್ಚಿನಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ, ಸೇವೆಯಲ್ಲಿರುವ ಅಧಿಕಾರಿಗಳು ಕೆಲಸ ಮಾಡಬಹುದಾದ ನಾಗರಿಕ ಸಂಸ್ಥೆಗಳ ಸಂಖ್ಯೆಯನ್ನು 10ರಿಂದ 14ಕ್ಕೆ ಏರಿಸಿತು.

ಕರಡುಪ್ರತಿಯವರು ಇನ್ನೂ ಓದುತ್ತಿರುವುದರಿಂದ ಒಂದು ಸೂಚನೆ. ಸಂವಿಧಾನದ ಜೊತೆಗೆ ಹಣದ ದಾರಿಯನ್ನೂ ಹಿಂಬಾಲಿಸಿ. ಚಿಲಿಯ ಸರ್ಕಾರಿ ತಾಮ್ರ ಕಂಪನಿ ಕೊಡೆಲ್ಕೊದ ರಫ್ತು ಮಾರಾಟದ ಶೇ 10ರಷ್ಟು ನೇರವಾಗಿ ಸೇನೆಗೆ ಹೋಗಬೇಕೆಂಬ ಗುಪ್ತ ಕಾನೂನು ಸಂವಿಧಾನದ ಯಾವ ಪುಟದಲ್ಲಿಯೂ ಇರಲಿಲ್ಲ. ನೇಮಕದ ಸೆನೆಟರುಗಳ ಸ್ಥಾನ ರದ್ದಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ, 2019ರಲ್ಲಿ, ಅದು ರದ್ದಾಯಿತು. ಈಜಿಪ್ಟಿನ ಸಂವಿಧಾನದ 203ನೆಯ ವಿಧಿಯ ಪ್ರಕಾರ ಸೇನೆಯ ಇಡೀ ಬಜೆಟ್ಟು ದೇಶದ ಆಯವ್ಯಯದಲ್ಲಿ ಇಂದಿಗೂ ಒಂದೇ ಒಂದು ಮೊತ್ತವಾಗಿ ಬರುತ್ತದೆ.